ಹುಣಸೆದೊಡ್ಡಿಯ ಸೋಮವಾರ

ಕಾರ್ತಿಕದ ಕೊನೆಯ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಸ್ಥಳ, ಹನೂರು ತಾಲ್ಲೂಕಿನಲ್ಲಿ ಲೊಕ್ಕನಹಳ್ಳಿ ದಾಟಿ ಕಾಡಿನ ಕಡೆಗೆ ತಿರುಗಿದರೆ ಸಿಗುವ ಹುಣಸೆದೊಡ್ಡಿ. ಹಾಜರಿದ್ದವರು: ಇಲಾಖೆಯಲ್ಲಿ ಕಚೇರಿ ಅಧೀಕ್ಷಕನಾಗಿದ್ದು ಈಗ ನಿವೃತ್ತನಾಗಿರುವ ನಾನು, ಇದೇ ಊರಿನ ಪಶು ಚಿಕಿತ್ಸಾ ಕೇಂದ್ರದಲ್ಲಿ ಪರಿಚಾರಕನಾಗಿದ್ದು ಈಗ ತಾನೂ ನಿವೃತ್ತನಾಗಿರುವ ಸಿದ್ದಮಾದ, ಊರಿಗೆ ಹಿರಿಯಳಾದ ಚಿಕ್ಕತಾಯಮ್ಮ, ಅವಳ ಕೆಂದು ಹಸು, ಇನ್ನೂ ಹತ್ತು ಹನ್ನೆರಡು ಮಂದಿ, ಅವರವರ ದನಗಳ ಜೊತೆ. ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನ ಹತ್ತು ಗಂಟೆಗೆ ಬರಬೇಕಿತ್ತು. ಬಂದಿರಲಿಲ್ಲ. ಜೇಬಿನ ಪುಸ್ತಕದಲ್ಲಿ ಅದನ್ನೂ ಗುರುತು ಹಾಕಿಕೊಂಡೆ. ನಿವೃತ್ತಿಯಾದರೂ ಆ ಅಭ್ಯಾಸ ಹೋಗಿಲ್ಲ.

ಹಿಂದಿನ ಗುರುವಾರ ಸಿದ್ದಮಾದ ನನಗೆ ಫೋನು ಮಾಡಿದ್ದ. ಎಷ್ಟೋ ತಿಂಗಳ ಮೇಲೆ ಕೇಳಿದ ದನಿ.

"ಸಾ, ಗಾಡಿ ಆಸ್ಪತ್ರೆ ನಮ್ಮೂರ್ಗೂ ಬತ್ತದಂತೆ. ಮುಚ್ಚೋವಾಗ ನೀವೇ ಇದ್ರಿ. ತೆಗೆಯೋವಾಗ್ಲೂ ಒಸಿ ಬಂದು ನಿಂತ್ಕಳಿ."

ಯಾವ ದಿನ ಎಂದು ಕೇಳಿದೆ.

"ಸ್ವಾಮಾರ ಸಾ" ಅಂದ.

ಬರುತ್ತೇನೆ ಎಂದು ಹೇಳಿ, ದಿನವನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡೆ.

ನಾನಿರುವುದು ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ. ಬೆಳಿಗ್ಗೆ ಆರಕ್ಕೆ ಆಟೋ ಹಿಡಿದು ಯಳಂದೂರು, ಅಲ್ಲಿಂದ ಬಸ್ಸಿನಲ್ಲಿ ಕೊಳ್ಳೇಗಾಲ, ಕೊಳ್ಳೇಗಾಲದಿಂದ ಹನೂರು, ಹನೂರಿನಿಂದ ಒಡೆಯರಪಾಳ್ಯದ ಬಸ್ಸು. ಕೊನೆಯ ಎರಡು ಮೈಲಿ ನಡಿಗೆ. ಗದ್ದೆ, ಕಬ್ಬು, ತೆಂಗು ಹಿಂದೆ ಉಳಿದು, ಕೊಯ್ದ ರಾಗಿ ಹೊಲ, ಹುರುಳಿ, ಆನೆ ಬರದಂತೆ ತೋಡಿದ ಕಂದಕ ಎದುರಾಗುವ ಹೊತ್ತಿಗೆ ಒಂಬತ್ತೂ ಮುಕ್ಕಾಲು. ಸಿದ್ದಮಾದ ದಾರಿಗೇ ಬಂದು ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಚೀಲ ತೆಗೆದುಕೊಳ್ಳಲು ಕೈ ಚಾಚಿದ, ನಾನು ಕೊಡಲಿಲ್ಲ.

ವಾಹನ ಬಂದದ್ದು ಹತ್ತೂ ನಲವತ್ತಕ್ಕೆ. ಹಿಂದಿನ ಬಾಗಿಲು ತೆರೆದ ಕೂಡಲೇ ಟಿಂಕ್ಚರ್, ಫಿನಾಯಿಲ್, ಗಾಯದ ಹುಳುಗಳಿಗೆ ಹಾಕುವ ಟರ್ಪೆಂಟೈನ್, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಆ ವಾಸನೆ ಈ ಊರಿನಲ್ಲಿ ಮೊದಲು ಒಂದೇ ಕಡೆಯಿಂದ ಬರುತ್ತಿತ್ತು, ಎದುರಿಗೆ ಬಾಗಿಲು ಹಾಕಿ ನಿಂತಿದ್ದ ಹಳೆಯ ಪಶು ಚಿಕಿತ್ಸಾ ಕೇಂದ್ರದ ಎರಡು ಕೋಣೆಯ ಹೆಂಚಿನ ಕಟ್ಟಡದಿಂದ. ಚಿಕ್ಕತಾಯಮ್ಮ ಹಸುವಿನ ಹಗ್ಗ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಎಲ್ಲವನ್ನೂ ಅದರ ಸರದಿಯಲ್ಲಿ ಹೇಳುವುದು ನನ್ನ ಪದ್ಧತಿ. ಹಗ್ಗದ ವಿಷಯ ಅದರ ಸರದಿಗೆ ಬರಲಿ.

ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾನೇ ತಾಲ್ಲೂಕಾದ ಮೇಲಿನ ಮಾತು, ಈ ಊರಿನ ಕೇಂದ್ರ ಮುಚ್ಚಿದ್ದು. ನನ್ನ ನಿವೃತ್ತಿಗೆ ಇನ್ನೊಂದೇ ವರ್ಷ ಇತ್ತು. ಕಚೇರಿ ಕೊಳ್ಳೇಗಾಲದಲ್ಲಿ. ಕೊಳ್ಳೇಗಾಲ, ಹನೂರು, ಯಳಂದೂರು, ಮೂರು ಕಡೆಯ ಪಶು ಚಿಕಿತ್ಸಾ ಕೇಂದ್ರಗಳ ಕಡತಗಳೂ ನನ್ನ ಮೇಜಿನ ಮೇಲೆ ಹಾದು ಹೋಗುತ್ತಿದ್ದವು. ನಾನು ದನದ ವೈದ್ಯನಲ್ಲ, ಕಾಗದದ ಮನುಷ್ಯ. ಯಾವ ವೈದ್ಯರು ಯಾವ ದಿನ ಎಲ್ಲಿಗೆ ಹೋಗಬೇಕು, ಜೀಪು ಯಾವಾಗ ಯಾರಿಗೆ, ಔಷಧದ ಪೆಟ್ಟಿಗೆ ಎಲ್ಲಿಗೆ ಎಷ್ಟು ಹೊತ್ತಿಗೆ ತಲುಪಬೇಕು, ಇವೆಲ್ಲ ನಾನು ಬರೆಯುವ ಪ್ರವಾಸ ಪಟ್ಟಿಯಂತೆ ನಡೆಯುತ್ತಿದ್ದವು.

ನಾನು ಓದಿದ್ದು ಮಠದ ಹಾಸ್ಟೆಲಿನಲ್ಲಿ. ನಾಲ್ಕೂವರೆಗೆ ಗಂಟೆ, ತಣ್ಣೀರು ಸ್ನಾನ, ವಿಭೂತಿ, ಪ್ರಾರ್ಥನೆ, ಓದು. ಊಟದ ತಟ್ಟೆ ತೊಳೆದು ಯಾವ ಗೂಟಕ್ಕೆ ಒರಗಿಸಬೇಕು ಎಂಬುದಕ್ಕೂ ನಿಯಮವಿತ್ತು. ನಮ್ಮ ವಾರ್ಡನ್ನರು ಒಂದು ವಾರದ ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ವರ್ಷದ ಕೊನೆವರೆಗೂ ಅದರಲ್ಲಿ ಒಂದಕ್ಷರ ಬದಲಾಗುತ್ತಿರಲಿಲ್ಲ. ಬಡವರ ಮನೆಯಿಂದ ಹೋದವನಿಗೆ ನಾಳೆ ಏನು ಎಂದು ಮೊದಲೇ ಗೊತ್ತಿರುವುದು ದೊಡ್ಡ ನೆಮ್ಮದಿ. ಆ ನೆಮ್ಮದಿಯನ್ನೇ ನಾನು ಕಚೇರಿಗೂ ತಂದೆ. ಇಪ್ಪತ್ತು ವರ್ಷ ನನ್ನ ಪಟ್ಟಿಯಲ್ಲಿ ಸೋಮವಾರ ಹನೂರು ಕಡೆ, ಮಂಗಳವಾರ ಕೊಳ್ಳೇಗಾಲ, ಬುಧವಾರ ಯಳಂದೂರು. ಮೇಲಿನ ಕಚೇರಿಯಿಂದ ಬಂದವರು ಯಾರೇ ಆಗಲಿ, ಈ ಸುತ್ತಿನಲ್ಲೇ ಹೋಗಿ ಬರುತ್ತಿದ್ದರು. ಒಮ್ಮೆಯೂ ಎಡವಟ್ಟಾಗಿರಲಿಲ್ಲ. ಅದಕ್ಕಾಗಿ ಒಂದು ಪ್ರಶಂಸಾ ಪತ್ರವೂ ನನ್ನಲ್ಲಿದೆ.

ಆ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಸುತ್ತೋಲೆ ಬಂತು. ಇಲಾಖೆಯ ಸಣ್ಣ ಸಣ್ಣ ಸಂಸ್ಥೆಗಳು ಜಾಸ್ತಿಯಾಗಿವೆ, ಅನುದಾನ ಹಂಚಿ ಹಂಚಿ ಯಾವುದಕ್ಕೂ ಸಾಲುತ್ತಿಲ್ಲ, ಆದ್ದರಿಂದ ಪ್ರತಿಯೊಂದನ್ನೂ ಪರಿಶೀಲಿಸಿ ಮೂರು ಪಟ್ಟಿ ಮಾಡಬೇಕು: ಮುಂದುವರಿಸತಕ್ಕವು, ವಿಲೀನಗೊಳಿಸತಕ್ಕವು, ರದ್ದುಪಡಿಸತಕ್ಕವು. ಮುಂದುವರಿದವಕ್ಕೆ ಹೆಚ್ಚು ಅನುದಾನ, ಹೊಸ ಕಟ್ಟಡ, ಖಾಯಂ ವೈದ್ಯರು. ಆ ಸುತ್ತೋಲೆ ತಪ್ಪೆಂದು ನನಗೆ ಆಗ ಅನಿಸಲಿಲ್ಲ, ಈಗಲೂ ಪೂರ್ತಿ ಹಾಗೆ ಅನಿಸುವುದಿಲ್ಲ. ಬೋರ್ಡು ಇದ್ದು ಚಾವಣಿ ಇಲ್ಲದ ಕೇಂದ್ರಗಳನ್ನು ನಾನು ನೋಡಿದ್ದೇನೆ. ಬೀರು ತೆಗೆದರೆ ಜಿರಳೆ ಬಿಟ್ಟು ಬೇರೇನೂ ಇಲ್ಲದ ಕೇಂದ್ರಗಳಿಗೆ ನಾನೇ ಪ್ರತಿ ತಿಂಗಳು ಸೂಜಿ, ಹತ್ತಿ ಕಳಿಸಿದ್ದೇನೆ.

ಹುಣಸೆದೊಡ್ಡಿ ಹಾಗಿರಲಿಲ್ಲ. ಹನೂರಿನ ವೈದ್ಯರು ಮಂಗಳವಾರ, ಶುಕ್ರವಾರ ಬರುತ್ತಿದ್ದರು. ಉಳಿದ ದಿನವೆಲ್ಲ ಸಿದ್ದಮಾದನೇ. ಅವನು ಓದಿದ್ದು ಏಳನೇ ತರಗತಿ, ಹುದ್ದೆ ಪರಿಚಾರಕ, ಅಂದರೆ ಗುಡಿಸುವುದು, ದನ ಹಿಡಿದುಕೊಳ್ಳುವುದು. ಆದರೆ ಚಿರತೆ ಕಚ್ಚಿದ ಕರುವಿನ ಕುತ್ತಿಗೆ ತೊಳೆದು ಕಟ್ಟುವುದು, ಕಂದಕಕ್ಕೆ ಬಿದ್ದ ಎತ್ತಿನ ಕಾಲಿಗೆ ಬಿದಿರಿನ ದಬ್ಬೆ ಬಿಗಿಯುವುದು, ಅಡ್ಡ ತಿರುಗಿದ ಕರುವನ್ನು ಹೊಟ್ಟೆಯೊಳಗೆ ಕೈಹಾಕಿ ಸರಿಮಾಡುವುದು, ಇವನ್ನು ಅವನ ಕೈಗಿಂತ ಚೆನ್ನಾಗಿ ಮಾಡುವ ಕೈ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ ಎಂದು ವೈದ್ಯರೇ ಹೇಳುತ್ತಿದ್ದರು. ನಿಯಮದ ಪ್ರಕಾರ ಅವನು ಅದನ್ನೆಲ್ಲ ಮಾಡುವಂತಿಲ್ಲ. ಹಾಗಾಗಿ ರಿಜಿಸ್ಟರಿನಲ್ಲಿ ಅವು ಬರುತ್ತಲೂ ಇರಲಿಲ್ಲ.

ಪ್ರತಿ ತಿಂಗಳು ವರದಿ ತಲುಪಿಸಲು ಅವನೇ ಕೊಳ್ಳೇಗಾಲಕ್ಕೆ ಬರುತ್ತಿದ್ದ. ಆ ಸಲ ಬಂದಾಗ ಹಿಂಗಾರು ಮಳೆ ಜಿನುಗುತ್ತಿತ್ತು. ವರದಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲಿಟ್ಟು, ಹೋಗದೆ ನಿಂತ. ಪರಿಶೀಲನಾ ತಂಡದ ಪ್ರವಾಸ ಪಟ್ಟಿ, ತಂಡ ಬರುವ ದಿನ ದನಗಳನ್ನು ಕೇಂದ್ರಕ್ಕೆ ತಂದು ತೋರಿಸಬೇಕೆಂಬ ಸೂಚನೆಯೊಂದಿಗೆ, ಹಿಂದಿನ ದಿನವಷ್ಟೇ ನೋಟೀಸು ಬೋರ್ಡಿಗೆ ಬಿದ್ದಿತ್ತು.

"ಸಾ, ನಮ್ಮೂರ್ಗೆ ಸ್ವಾಮಾರ ಬ್ಯಾಡಿ. ಮಂಗಳವಾರ ಮಾಡ್ಕೊಡಿ."

"ಯಾಕೆ?"

"ಸ್ವಾಮಾರ ನಮ್ಮೂರಲ್ಲಿ ದನೀನ್ ಮೈಮೇಲೆ ಹಗ್ಗ ಬಿಗಿಯಕ್ಕಿಲ್ಲ ಸಾ."

ಸೋಮವಾರ ಎತ್ತಿಗೆ ನೊಗ ಹೂಡದಿರುವುದು ನನಗೆ ಹೊಸದಲ್ಲ. ನಮ್ಮ ತಂದೆಯವರೂ ಹೂಡುತ್ತಿರಲಿಲ್ಲ. ಆ ದಿನ ಎತ್ತುಗಳನ್ನು ಕಾಲುವೆಗಿಳಿಸಿ ಮೈ ತಿಕ್ಕಿ, ಹಣೆಗೆ ವಿಭೂತಿ ಹಚ್ಚಿ ಬಿಡುತ್ತಿದ್ದರು. ಹುಣಸೆದೊಡ್ಡಿಯದು ಅದಕ್ಕಿಂತ ಬಿಗಿ. ಹಿಂದೊಮ್ಮೆ ಕಾಲುಬಾಯಿ ಜ್ವರ ಬಂದು ಕೊಟ್ಟಿಗೆಗಳೇ ಬರಿದಾದಾಗ ಊರಿನವರು ಮಾದಪ್ಪನಿಗೆ ಹರಕೆ ಹೊತ್ತಿದ್ದರಂತೆ: ಸೋಮವಾರ ದನಗಳಿಗೆ ಹಗ್ಗವಿಲ್ಲ, ನೊಗವಿಲ್ಲ, ಮೈಮೇಲೆ ಕೋಲಿಲ್ಲ. ಆ ದಿನ ಅವು ತಮ್ಮಿಷ್ಟ ಬಂದ ಕಡೆ ಮೇಯುತ್ತವೆ. ಇದನ್ನು ಸಿದ್ದಮಾದ ನಿಂತಲ್ಲೇ ಹೇಳಿದ.

"ನಾನು ನೊಗ ಹೂಡು ಅಂದೆನಾ? ಔಷಧಿ ಹಾಕಿಸೋಕೆ ತಾನೆ ಕರೆದಿರೋದು?"

"ಸೂಜಿ ಚುಚ್ಚಬೇಕು ಅಂದ್ರೆ ಕಂಬಿಗೆ ಕಟ್ಟಬೇಕಲ್ಲ ಸಾ. ಕಟ್ಟಕ್ಕಿಲ್ಲ ಅವ್ರು."

"ಸರ್ಕಾರಕ್ಕೆ ಸೋಮವಾರವೂ ಒಂದು ದಿನವೇ ಕಣಯ್ಯ. ಹೇಳಿ ಕರೆದುಕೊಂಡು ಬಾ" ಅಂದೆ.

ಅವನು ಇನ್ನೂ ಒಂದು ನಿಮಿಷ ನಿಂತಿದ್ದು, ಚೀಲದಿಂದ ಒಂದು ಹಿಡಿ ಅವರೆಕಾಯಿ ತೆಗೆದು ಮೇಜಿನ ಅಂಚಿಗೆ ಇಟ್ಟು ಹೋದ. ಪ್ರತಿ ತಿಂಗಳು ಏನಾದರೂ ಇಡುತ್ತಿದ್ದ, ನಾನು ಪ್ರತಿ ತಿಂಗಳು ವಾಪಸು ಕೊಡುತ್ತಿದ್ದೆ. ಆ ದಿನ ಕೊಡಲು ಮರೆತೆ.

ಎಷ್ಟು ಕೆಲಸವಿತ್ತು ಎಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಪಟ್ಟಿಯ ಮೂರು ಹಾಳೆ ಮತ್ತೆ ಟೈಪು ಮಾಡಿಸಬೇಕಿತ್ತು. ಜಿಲ್ಲಾ ಕಚೇರಿಗೆ ಒಂದು ಫೋನು ಮಾಡಬೇಕಿತ್ತು. ಮಂಗಳವಾರ ಹನೂರು, ಸೋಮವಾರ ಕೊಳ್ಳೇಗಾಲ ಎಂದು ಅದಲು ಬದಲು ಮಾಡಿದ್ದರೆ ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. ಹತ್ತು ನಿಮಿಷದ ಕೆಲಸ. ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. ಹುಣಸೆದೊಡ್ಡಿಯ ರಿಜಿಸ್ಟರಿಗೆ ವರ್ಷಗಟ್ಟಲೆ ನಾನೇ ಮೇಲುಸಹಿ ಹಾಕಿದ್ದೆ. ಅದರಲ್ಲಿ ಸೋಮವಾರಗಳೆಲ್ಲ ಖಾಲಿ ಇರುತ್ತಿದ್ದವು. ಖಾಲಿ ಸಾಲಿಗೆ ಓರೆಗೆರೆ ಎಳೆದಿದ್ದಾನೋ ಇಲ್ಲವೋ ಎಂದು ನೋಡಿದ್ದೆ, ಯಾಕೆ ಖಾಲಿ ಎಂದು ನೋಡಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ತಂಡದಲ್ಲಿ ಮೂವರು. ಮುಖ್ಯಸ್ಥೆ ಬೆಂಗಳೂರಿನ ಕಚೇರಿಯವರು, ನಲವತ್ತರ ಒಳಗಿನ ಹೆಣ್ಣುಮಗಳು. ಒಳ್ಳೆಯವರೇ. ಜೀಪು ಕೆಸರಿನಲ್ಲಿ ಹೂತಾಗ ಇಳಿದು ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು, ಗೊಣಗಲಿಲ್ಲ. ಹನ್ನೊಂದೂ ಇಪ್ಪತ್ತಕ್ಕೆ ಕೇಂದ್ರ ತಲುಪಿದೆವು.

ಊರಿಗೆ ಊರೇ ಅಲ್ಲಿತ್ತು. ಗಂಡಸರು ಒಗೆದ ಪಂಚೆ, ಹೆಂಗಸರು ಪೆಟ್ಟಿಗೆಯಿಂದ ತೆಗೆದ ಸೀರೆ. ಅಂಗಳ ಸಾರಿಸಿ ರಂಗೋಲಿ ಬಿಟ್ಟಿದ್ದರು. ಸಿದ್ದಮಾದ ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ನಿಂತಿದ್ದ. ದನ ಹಿಡಿದು ನಿಲ್ಲಿಸುವ ಕಬ್ಬಿಣದ ಚೌಕಟ್ಟು, ಊರಿನವರು ಕಂಬಿ ಎನ್ನುವುದು, ತೊಳೆದು ಒರೆಸಿ ಮಿನುಗುತ್ತಿತ್ತು. ಅದರೊಳಗೆ ಒಂದು ದನವೂ ಇರಲಿಲ್ಲ. ಅಂಗಳದಲ್ಲೂ ಇರಲಿಲ್ಲ. ಎದುರಿನ ಕೊಯ್ದ ಹೊಲದಲ್ಲಿ ಇದ್ದವು, ಕೂಗಿದರೆ ಕೇಳುವಷ್ಟು ಹತ್ತಿರ. ಹಣೆಗೆ ವಿಭೂತಿ, ಕೊಂಬಿಗೆ ತುಂಬೆ ಹೂವಿನ ಸರ, ಕೊರಳು ಬರಿದು. ಮೇಯುತ್ತ ನಮ್ಮ ಕಡೆ ಒಮ್ಮೊಮ್ಮೆ ತಲೆಯೆತ್ತಿ ನೋಡುತ್ತಿದ್ದವು.

ಅಧಿಕಾರಿ ಅತ್ತ ಕೈ ತೋರಿಸಿ, ಅವು ಯಾರದೆಂದು ಕೇಳಿದರು. ನಮ್ಮವೇ ಎಂದು ನಾಲ್ಕೈದು ಜನ ಹೇಳಿದರು. ಹಾಗಾದರೆ ಹಿಡಿದು ತನ್ನಿ, ತೊಂದರೆ ಇರುವುದನ್ನು ನೋಡೋಣ ಎಂದರು ಅವರು. ಯಾರೂ ಕದಲಲಿಲ್ಲ. ಚಿಕ್ಕತಾಯಮ್ಮ ಮುಂದೆ ಬಂದಳು. ಅವಳ ಹಸು ಕೆಂಪಿ ಆಗ ಮೂರು ತಿಂಗಳ ಗಬ್ಬ, ಕಾಲಿನ ಸಂದಿಯಲ್ಲಿ ವಾಸಿಯಾಗದ ಹುಣ್ಣಿತ್ತು. ತೋರಿಸಲೇಬೇಕಾದ ಹಸು.

"ಇವತ್ತು ಅವು ನಮ್ಮವಲ್ಲ ಕಣವ್ವ" ಅಂದಳು. "ನಾಳೀಕ್ ಬಾ. ನಾನೇ ಇಡ್ಕಂಡ್ ಬತ್ತೀನಿ."

ಅಧಿಕಾರಿ ನಕ್ಕರು, ಕೆಟ್ಟದಾಗಿ ಅಲ್ಲ. ನಾಳೆ ಅವರು ಕೊಳ್ಳೇಗಾಲದಲ್ಲಿರಬೇಕಿತ್ತು. ನನ್ನ ಪಟ್ಟಿಯಲ್ಲಿ ಹಾಗೆ ಇತ್ತು.

ನಮೂನೆಯಲ್ಲಿ ಒಂದು ಕಾಲಂ: ಪರಿಶೀಲನೆಯ ದಿನ ಚಿಕಿತ್ಸೆಗೆ ಬಂದ ಜಾನುವಾರುಗಳು. ಸೊನ್ನೆ. ಅದರ ಪಕ್ಕದಲ್ಲಿ ಷರಾ, ಅಂದರೆ ವಿಶೇಷ ಸಂಗತಿ ಏನಾದರೂ ಇದ್ದರೆ ಬರೆಯುವ ಅಗಲವಾದ ಕಾಲಂ. ಅಧಿಕಾರಿ ಪೆನ್ನು ಹಿಡಿದು ನನ್ನ ಕಡೆ ತಿರುಗಿ, ನೀವು ಈ ಸೀಮೆಯವರಲ್ಲವೇ, ಇಲ್ಲಿ ಯಾವಾಗಲೂ ಹೀಗೆಯೋ, ಷರಾದಲ್ಲಿ ಏನಾದರೂ ಬರೆಯಬೇಕೋ ಎಂದು ಕೇಳಿದರು.

ಅಷ್ಟು ನೇರವಾಗಿ ಕೇಳಿದರು. ನಾನು ಹೇಳಬಹುದಿತ್ತು. ಹೇಳಿದ್ದರೆ, ಗೊತ್ತಿದ್ದೂ ಸೋಮವಾರ ಇಟ್ಟವರು ಯಾರು ಎಂಬ ಮುಂದಿನ ಪ್ರಶ್ನೆ ಬರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ನನ್ನ ಪಟ್ಟಿಯ ಮೇಲೆ ಅಂಥ ಪ್ರಶ್ನೆ ಬಂದಿರಲಿಲ್ಲ. ನಿಯಮ ಸಂಖ್ಯೆಯ ಆಧಾರವಿಲ್ಲದೆ ಷರಾ ಬರೆಯಬಾರದು ಎಂಬುದು ಕಚೇರಿಯಲ್ಲಿ ನಾನು ಕಿರಿಯರಿಗೆ ಕಲಿಸುತ್ತಿದ್ದ ಪಾಠ. ಆ ಹೊತ್ತಿಗೆ ಅದು ನೆರವಿಗೆ ಬಂತು.

"ಏನೂ ಇಲ್ಲ ಮೇಡಂ" ಅಂದೆ.

ಅವರು ಹಾಗೇ ಬರೆದರು. ಷರಾ: ಇಲ್ಲ.

ಜೀಪು ಹತ್ತುವ ಮುಂಚೆ ಸಿದ್ದಮಾದನನ್ನು ಕಟ್ಟಡದ ಹಿಂದಕ್ಕೆ ಕರೆದು, ನಾಲ್ಕು ಜನರ ಮುಂದೆ ಇಲಾಖೆಯ ಮಾನ ಕಳೆದೆ ಎಂದು ಬೈದೆ. ಅವನು ತಲೆ ತಗ್ಗಿಸಿಕೊಂಡು ಕೇಳಿದ.

"ನಾನು ಮೊದ್ಲೇ ಯೋಳಿದ್ನಲ್ಲ ಸಾ" ಅಂದ. ಅಷ್ಟೇ. ಊರಿನವರು ತಂದಿದ್ದ ಬಾಳೆಹಣ್ಣಿನ ಚಿಪ್ಪನ್ನು ಜೀಪಿನ ಹಿಂದಿನ ಸೀಟಿನಲ್ಲಿ ಇಟ್ಟ.

ಬುಧವಾರ ಯಳಂದೂರು ಕಡೆ. ಅಲ್ಲಿ ನಮ್ಮ ಸೀಮೆಯ ಒಂದು ಕೇಂದ್ರವಿತ್ತು, ಅದರ ಹೆಸರು ಇಲ್ಲಿ ಬೇಡ. ಸುತ್ತ ನೀರಾವರಿ, ಉಳುವುದು ಟ್ರಾಕ್ಟರು, ಹಸು ಸಾಕುವವರು ಮೊದಲಿಗಿಂತ ಕಡಿಮೆ. ದಿನವಿಡೀ ಅಲ್ಲಿನ ಪರಿಚಾರಕ ಪೇಪರು ಓದುವುದೇ ಹೆಚ್ಚು. ಆದರೆ ಆ ಬುಧವಾರ ಹಸುಗಳು ಸಾಲಾಗಿ ನಿಂತಿದ್ದವು. ಹಿಂದಿನ ಸಂಜೆ ಹೊನ್ನೂರಿಗೆ ಹೋಗುವ ದಾರಿಯಲ್ಲಿ ನಾನೇ ಇಬ್ಬರು ಮೂವರಿಗೆ ಹೇಳಿದ್ದೆ. ಅದು ತಪ್ಪೆಂದು ಆಗ ಅನಿಸಲಿಲ್ಲ, ಪರಿಚಯದವರಿಗೆ ಒಂದು ಮಾತು ಎಂದುಕೊಂಡಿದ್ದೆ.

ಸಂಕ್ರಾಂತಿ ಕಳೆದು ಆದೇಶ ಬಂತು. ಹುಣಸೆದೊಡ್ಡಿ ಕೇಂದ್ರ ಹನೂರಿನ ಆಸ್ಪತ್ರೆಯಲ್ಲಿ ವಿಲೀನ. ಯಳಂದೂರು ಕಡೆಯ ಆ ಕೇಂದ್ರ ಮುಂದುವರಿಸತಕ್ಕ ಪಟ್ಟಿಯಲ್ಲಿ, ಹೆಚ್ಚಿನ ಅನುದಾನದೊಂದಿಗೆ. ಹುಣಸೆದೊಡ್ಡಿಯ ಪರಿಚಾರಕ ಹುದ್ದೆ ಅಲ್ಲಿಗೆ ವರ್ಗ. ಸೂಪ್ರಿಂಟೆಂಡೆಂಟು ತನ್ನ ಊರ ಕಡೆಯದನ್ನು ಉಳಿಸಿಕೊಂಡ ಎಂದು ಹನೂರಿನ ಹೋಟೆಲಿನಲ್ಲಿ ಮಾತಾಡಿಕೊಂಡರಂತೆ. ಸಿದ್ದಮಾದ ಒಮ್ಮೆಯೂ ಹಾಗೆ ಅನ್ನಲಿಲ್ಲ. ಅಂದಿದ್ದರೆ, ಅದು ಸುಳ್ಳು ಎಂದು ಹೇಳಿ ಹಗುರಾಗುತ್ತಿದ್ದೆ.

ಮುಚ್ಚುವ ದಿನ ಸಾಮಾನು ಪಟ್ಟಿ ಮಾಡಲು ನಾನೇ ಹೋದೆ. ಬೀರು, ಮೇಜು, ಎರಡು ಬಕೆಟ್ಟು, ಥರ್ಮಾಮೀಟರು, ಮೂಗುಹಗ್ಗ, ಕಾಲುಹಗ್ಗ. ಸಿದ್ದಮಾದ ಒಂದೊಂದನ್ನೂ ಎತ್ತಿ ತೋರಿಸಿ ಹೆಸರು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಕಂಬಿಯ ಸರದಿ ಬಂದಾಗ ಅವನು ಹೆಸರು ಹೇಳಲಿಲ್ಲ, ಅದರ ಮೇಲೆ ಕೈಯಿಟ್ಟು ನಿಂತ. ಬೋಲ್ಟು ಬಿಚ್ಚಿದರೆ ಬರುವಂಥದ್ದು. ಹನೂರಿಗೆ ಸಾಗಿಸಬೇಕಿತ್ತು. ನಾನು "ನೆಲಕ್ಕೆ ಬೆಸೆದಿದೆ, ಕೀಳಲಾಗದು" ಎಂದು ಬರೆದೆ. ಸೇವೆಯಲ್ಲಿ ತಿಳಿದೂ ತಿಳಿದೂ ನಾನು ಬರೆದ ಸುಳ್ಳು ಅದೊಂದೇ. ಬರೆಯಬೇಕಾದ ನಿಜವನ್ನು ಬರೆಯದಿದ್ದವನು ಅಷ್ಟಾದರೂ ಮಾಡಿದೆ ಎಂದು ಅಂದುಕೊಳ್ಳುವಷ್ಟು ಧೈರ್ಯ ನನಗಿಲ್ಲ.

ಬೀಗ ಹಾಕಿ ಬೀಗದ ಕೈ ಜೇಬಿಗಿಟ್ಟುಕೊಂಡಾಗ ಚಿಕ್ಕತಾಯಮ್ಮ ಬಂದಳು.

"ಬುದ್ದಿ, ಆವತ್ತು ನಾವೆಲ್ಲ ಬಂದು ನಿಂತಿದ್ವಲ್ಲ. ಅದ ಬರೀಲಿಲ್ವಾ?"

"ಅದಕ್ಕೆ ಕಾಲಂ ಇರಲಿಲ್ಲಮ್ಮ" ಅಂದೆ.

ಅವಳಿಗೆ ಓದು ಬರಹ ಇಲ್ಲ. ನಂಬಿದಳು.

ಸಿದ್ದಮಾದ ಮೂರು ಬಸ್ಸು ಹತ್ತಿಳಿದು ಯಳಂದೂರು ಕಡೆಯ ಆ ಕೇಂದ್ರಕ್ಕೆ ಹೋಗಿ ಬರತೊಡಗಿದ. ಆಮೇಲೆ ಅಲ್ಲೇ ಒಂದು ಕೋಣೆ ಹಿಡಿದ. ಹತ್ತು ಗಂಟೆಗೆ ಹಾಜರಿ, ಐದೂವರೆಗೆ ಬೀಗ, ನಡುವೆ ಮಾಡಲು ಏನೂ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಕೆಂಪಿ ಈಯಲು ಕೂತು ಕರು ಅಡ್ಡ ತಿರುಗಿತು. ಹನೂರಿನ ವೈದ್ಯರು ಆ ದಿನ ಜಿಲ್ಲಾ ಸಭೆಯಲ್ಲಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಊರಿನಿಂದ ಸಿದ್ದಮಾದನಿಗೆ ಫೋನು ಬಂತು. ಅವನು ಹೊರಟ, ಮೂರು ಬಸ್ಸು ಹಿಡಿದು ಊರು ತಲುಪುವಾಗ ಸಂಜೆ ನಾಲ್ಕು. ಕರುವನ್ನು ಎಳೆದು ಉಳಿಸಿದ. ಕೆಂಪಿ ಉಳಿಯಲಿಲ್ಲ. ಎರಡು ಗಂಟೆ ಮೊದಲು ಬಂದಿದ್ದರೆ ಎಂದು ಅವನು ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಆ ದಿನ ಅವನು ನನ್ನ ಅನುಮತಿ ಕೇಳಿರಲಿಲ್ಲ. ಕೇಳಿದ್ದರೆ ಅರ್ಜಿ ಕಳಿಸು ಎನ್ನುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು, ಆದ್ದರಿಂದ ಕೇಳಲಿಲ್ಲ. ಅನುಮತಿ ಇಲ್ಲದೆ ಕೇಂದ್ರಸ್ಥಾನ ಬಿಟ್ಟದ್ದಕ್ಕೆ ವಿವರಣೆ ಕೇಳುವ ಮೆಮೊ ಟೈಪಾಗಿ ನನ್ನ ಸಹಿಗೆ ಬಂತು. ಅದನ್ನು ಡ್ರಾಯರಿನಲ್ಲಿಟ್ಟು ನಿವೃತ್ತನಾದೆ.

ಈಗ ಹಗ್ಗದ ಸರದಿ. ವಾಹನದಿಂದಿಳಿದ ಯುವ ವೈದ್ಯರು ಕೈಗವಸು ಹಾಕಿಕೊಳ್ಳುತ್ತಿದ್ದರು. ಕಂಬಿ ಅಲ್ಲೇ ಇತ್ತು, ತುಕ್ಕು ಹಿಡಿದಿದ್ದರೂ ಗಟ್ಟಿಯಾಗಿತ್ತು. ಊರಿನಲ್ಲಿ ದನ ಅರ್ಧಕ್ಕಿಂತ ಕಡಿಮೆಯಾಗಿವೆ ಎಂದು ಸಿದ್ದಮಾದ ಹೇಳಿದ. ಆಸ್ಪತ್ರೆ ಇಲ್ಲದ ಕಡೆ ಸೀಮೆಹಸು ಸಾಕಲು ಯಾರಿಗೂ ಧೈರ್ಯವಿಲ್ಲ, ಮಾರಿಬಿಟ್ಟರು. ಉಳಿದವುಗಳನ್ನು ಜನ ಹಗ್ಗ ಹಾಕಿ ಹಿಡಿದು ತಂದಿದ್ದರು. ಕಾರ್ತಿಕ ಸೋಮವಾರ. ಎಲ್ಲ ದನಗಳ ಕೊರಳಲ್ಲೂ ಹಗ್ಗ. ಕೊಂಬಿಗೆ ಹೂವಿಲ್ಲ.

ಚಿಕ್ಕತಾಯಮ್ಮ ಹಿಡಿದಿದ್ದು ಕೆಂಪಿಯ ಮಗಳನ್ನು, ಆ ದಿನ ಉಳಿದ ಕರುವನ್ನು. ಅದನ್ನು ಕಂಬಿಯೊಳಗೆ ಕಟ್ಟುವ ಮೊದಲು ಹಗ್ಗವನ್ನು ಕಣ್ಣಿಗೆ ಒತ್ತಿಕೊಂಡಳು, ಹಸುವಿನ ಹಣೆ ಮುಟ್ಟಿದಳು, ಆಮೇಲೆ ಬಿಗಿದಳು. ನಾನು ನೋಡುತ್ತಿರುವುದನ್ನು ಕಂಡು, ನಾನು ಕೇಳದಿದ್ದರೂ ಹೇಳಿದಳು.

"ಓದ್ಸಲ ಕಟ್ಟಕ್ಕಿಲ್ಲ ಅಂದೋ, ಆಸ್ಪತ್ರೆ ಓಯ್ತು. ಮಾದಪ್ಪನ್ಗೆ ಯೋಳಿವ್ನಿ ಬುದ್ದಿ, ಅವ್ನು ತಡ್ಕತಾನೆ. ಸರ್ಕಾರ ತಡ್ಕಳಕ್ಕಿಲ್ಲ."

ಒಬ್ಬ ಗಂಡಸು ನಕ್ಕ, ಮಿಕ್ಕವರು ನಗಲಿಲ್ಲ. ಸಿದ್ದಮಾದ ಹಸುವಿನ ಕಾಲು ಹಿಡಿದು ಬಗ್ಗಿದ್ದ. ಅವನ ಮುಖ ನನಗೆ ಕಾಣಲಿಲ್ಲ.

ವೈದ್ಯರ ಕೆಲಸ ಮುಗಿಯುವವರೆಗೆ ಕಾದು, ವಾಹನದ ದಿನ ಗೊತ್ತು ಮಾಡುವವರು ಯಾರೆಂದು ವಿಚಾರಿಸಿದೆ. ಜಿಲ್ಲಾ ಕಚೇರಿಯವರಂತೆ. ಇದು ಪ್ರಾಯೋಗಿಕ ಸುತ್ತು, ಜನರ ಸ್ಪಂದನ ನೋಡಿಕೊಂಡು ತಿಂಗಳ ಕೊನೆಗೆ ಪಟ್ಟಿ ಖಾಯಂ ಆಗುತ್ತದಂತೆ. ಬದಲಾವಣೆ ಬೇಕಿದ್ದರೆ ಅಷ್ಟರೊಳಗೆ ಬರಹದಲ್ಲಿ ಕೊಡಬೇಕು.

ಸಿದ್ದಮಾದನನ್ನು ಕರೆದು ಬಿಳಿ ಹಾಳೆ ತರಿಸಿದೆ. ಮುಚ್ಚಿದ ಕೇಂದ್ರದ ಜಗಲಿಯ ಮೇಲೆ ಕೂತು ಬರೆದೆ. ಹುಣಸೆದೊಡ್ಡಿಗೆ ವಾಹನ ಬರುವ ದಿನವನ್ನು ಮಂಗಳವಾರಕ್ಕೆ ಬದಲಿಸಬೇಕು ಎಂಬುದು ಮೊದಲ ಸಾಲು. ಕಾರಣ ಎರಡನೆಯ ಸಾಲಿನಿಂದ. ಮಠದ ಹಾಸ್ಟೆಲಿನಿಂದ ಈವರೆಗೆ ನಾನು ಬರೆದ ಅರ್ಜಿಗಳಲ್ಲಿ ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಮುಗಿದ ಮೇಲೆ ಚಿಕ್ಕತಾಯಮ್ಮ ಓದಿ ಹೇಳು ಎಂದಳು. ಓದಿದೆ. ಕೊನೆಯ ಭಾಗ ಹೀಗಿತ್ತು:

"ಹಿಂದಿನ ಪರಿಶೀಲನೆಯನ್ನು ಸೋಮವಾರಕ್ಕೆ ಗೊತ್ತು ಮಾಡಿದವನು ನಾನು. ದಿನ ಬದಲಿಸುವಂತೆ ಇಲ್ಲಿನ ಪರಿಚಾರಕರು ಮುಂಚಿತವಾಗಿ ಕೇಳಿಕೊಂಡಿದ್ದರು. ಆ ದಿನ ಗ್ರಾಮಸ್ಥರೆಲ್ಲ ಕೇಂದ್ರದ ಮುಂದೆ ಹಾಜರಿದ್ದರು. ಜಾನುವಾರುಗಳು ಎದುರಿನ ಹೊಲದಲ್ಲಿದ್ದವು. ಇದನ್ನು ಷರಾ ಕಾಲಂನಲ್ಲಿ ದಾಖಲಿಸಬೇಕಿತ್ತು. ಕೇಳಿದಾಗ, ದಾಖಲಿಸಲು ಏನೂ ಇಲ್ಲ ಎಂದು ನಾನು ಹೇಳಿದೆ."

ಚಿಕ್ಕತಾಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಕಾಲಂ ಇತ್ತಾ ಆಗಿದ್ರೆ?"

"ಇತ್ತು" ಅಂದೆ.

"ಇದ ಆಗ್ಲೇ ಬರ್ದಿದ್ರೆ ಕೆಂಪಿ ಇರೋಳಾ ಬುದ್ದಿ?"

"ಗೊತ್ತಿಲ್ಲಮ್ಮ. ಇವನಂತೂ ಇಲ್ಲೇ ಇರುತ್ತಿದ್ದ" ಎಂದು ಸಿದ್ದಮಾದನನ್ನು ತೋರಿಸಿದೆ.

ಅವಳು ನನ್ನನ್ನು ಬಯ್ಯಲಿಲ್ಲ. ಹೆಬ್ಬೆಟ್ಟು ಮುಂದೆ ಚಾಚಿ, ಎಲ್ಲಿ ಒತ್ತಬೇಕು ಎಂದು ಕೇಳಿದಳು. ಜಾಗ ತೋರಿಸಿದೆ. ಉಳಿದವರು ಅವಳ ಹಿಂದೆ ಸಾಲಾಗಿ ಬಂದರು. ಎಲ್ಲರದೂ ಆದ ಮೇಲೆ ಅವಳು ಕಂಬಿಯ ಹತ್ತಿರ ಹೋಗಿ ಹಸುವಿನ ಹಗ್ಗ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು. ಹಸು ತಾನಾಗಿಯೇ ಹೊಲದ ಕಡೆ ನಡೆಯಿತು.

ಒಂದೂವರೆ ಬಸ್ಸಿಗೆ ಸಿದ್ದಮಾದ ನನ್ನ ಜೊತೆ ರಸ್ತೆವರೆಗೂ ಬಂದ. ಈ ಸಲ ಚೀಲ ಕೊಟ್ಟೆ. ಬಸ್ಸು ಬರುವವರೆಗೂ ನಾವು ಮಳೆಯ ವಿಷಯ ಮಾತಾಡಿದೆವು.

"ಆಯ್ತದಾ ಸಾ, ಮಂಗಳವಾರ?" ಎಂದು ಬಸ್ಸು ನಿಂತಾಗ ಕೇಳಿದ.

"ಹೇಳೋಕೆ ಬರಲ್ಲ ಮಾದ."

"ಆಗ್ದಿದ್ರೆ ಸ್ವಾಮಾರವೇ ಇಡ್ಕಂಡ್ ಬತ್ತಾರೆ ಬುಡಿ" ಅಂದ. ನಾನು ಹೆಚ್ಚು ಹೆದರುವುದು ಅದಕ್ಕೇ ಎಂದು ಅವನಿಗೆ ಹೇಳಲಿಲ್ಲ.

ಹನೂರಿನ ಅಂಚೆ ಕಚೇರಿ ತಲುಪಿದಾಗ ಮೂರು ಗಂಟೆ. ಮುಂದೆ ಇಬ್ಬರಿದ್ದರು. ನನ್ನ ಸರದಿ ಬಂದಾಗ ಲಕೋಟೆ ಕೊಟ್ಟು ರಿಜಿಸ್ಟರ್ಡ್ ಮಾಡಿ ಎಂದೆ. ಕಳುಹಿಸುವವರ ಜಾಗ ಖಾಲಿ ಇತ್ತು. ಗ್ರಾಮಸ್ಥರು ಎಂದು ಬರೆದುಕೊಳ್ಳಲೇ ಎಂದು ಒಳಗಿದ್ದ ಹುಡುಗಿ ಕೇಳಿದಳು. ಬೇಡ, ನನ್ನ ಹೆಸರು ಬರೆಯಿರಿ ಎಂದೆ. ಪೂರ್ತಿ ವಿಳಾಸ ಹೇಳಿದೆ, ಅವಳು ಬರೆದು, ಸರಿಯಿದೆಯೇ ನೋಡಿ ಎಂದು ತೋರಿಸಿದಳು. ಸರಿಯಿತ್ತು. ಮುದ್ರೆ ಒತ್ತಿದಳು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ರಸೀದಿ ಕೈಗೆ ಬಂತು. ಅದನ್ನು ಎರಡಾಗಿ ಮಡಿಸಿ ಜೇಬಿನ ಪುಸ್ತಕದೊಳಗೆ, ಬೆಳಿಗ್ಗೆ ಗುರುತು ಹಾಕಿದ್ದ ಸೋಮವಾರದ ಹಾಳೆಯಲ್ಲಿ ಇಟ್ಟೆ.